‘ಪಿಕಾರೆಸ್ಕ್’ ಎಂಬ ಮಾತಿನ ಹುಟ್ಟು

ಹೊರಗಿನಿಂದ ಬಂದ ವಿಮರ್ಶೆಯ ಮಾತುಗಳನ್ನು ನಾವು ಸಾಮಾನ್ಯವಾಗಿ ಎರವಲು ತಂದ ಪಾತ್ರೆಗಳಂತೆ ಬಳಸುತ್ತೇವೆ. ಪಾತ್ರೆ ಯಾರ ಮನೆಯದು, ಆ ಮನೆಯವರು ಅದರಲ್ಲಿ ಏನು ಬೇಯಿಸುತ್ತಿದ್ದರು ಎಂದು ಕೇಳುವ ಗೋಜಿಗೆ ಹೋಗುವುದಿಲ್ಲ. ನಮ್ಮ ಅಡುಗೆಗೆ ಒದಗಿದರೆ ಸಾಕು. ಬಹುಮಟ್ಟಿಗೆ ಇದರಿಂದ ನಷ್ಟವೇನೂ ಇಲ್ಲ. ಆದರೆ ಮಾತು ಕೈಯಿಂದ ಕೈಗೆ ದಾಟುವಾಗ ಅದರ ತಿರುಳೇ ಸೋರಿಹೋಗಿ, ಕೊನೆಗೆ ಬರಿಯ ಪಾತ್ರೆ ನಮಗೆ ಸಿಕ್ಕಿರುವುದೂ ಉಂಟು. ಆಗ ಆ ಮಾತು ಕೃತಿಯನ್ನು ಕಾಣಿಸುವ ಬದಲು ಮರೆಮಾಡುತ್ತದೆ.

‘ಪಿಕಾರೆಸ್ಕ್’ ಅಂಥ ಒಂದು ಮಾತು. ನಮಗೆ ಅದು ಇಂಗ್ಲಿಷ್ ವಿಮರ್ಶೆಯ ಮೂಲಕ ಬಂದದ್ದು. ಇಂಗ್ಲಿಷಿಗೆ ಸ್ಪ್ಯಾನಿಷ್ ಭಾಷೆಯಿಂದ ಬಂದದ್ದು. ಕಥೆ ಒಂದೆಡೆ ನೆಲೆನಿಲ್ಲದೆ ಘಟನೆಯಿಂದ ಘಟನೆಗೆ ಸಾಗುತ್ತಿದ್ದರೆ, ನಾಯಕ ಊರೂರು ಅಲೆಯುತ್ತಿದ್ದರೆ, ಜೊತೆಗೆ ಅವನು ಸ್ವಲ್ಪ ಪೋಕರಿಯೂ ಆಗಿದ್ದರೆ, ಅದನ್ನು ‘ಪಿಕಾರೆಸ್ಕ್ ಕಾದಂಬರಿ’ ಎಂದು ಕರೆದು ಮುಂದಕ್ಕೆ ಹೋಗುವುದು ರೂಢಿ. ಬೇರೆಯವರ ಮಾತೇಕೆ? ಕಾದಂಬರಿಯ ಪ್ರಕಾರಗಳನ್ನು ಪಾಠ ಹೇಳುವಾಗ ನಾನೇ ಹನ್ನೆರಡು ಹದಿಮೂರು ವರ್ಷ ಈ ಮೂರು ಲಕ್ಷಣಗಳನ್ನು ಕರಿಹಲಗೆಯ ಮೇಲೆ ಬರೆದಿದ್ದೇನೆ, ವಿದ್ಯಾರ್ಥಿಗಳಿಂದ ಬರೆಯಿಸಿದ್ದೇನೆ, ಪರೀಕ್ಷೆಯ ಉತ್ತರದಲ್ಲಿ ಅವೇ ಬಂದಾಗ ಪೂರ್ತಿ ಅಂಕ ಕೊಟ್ಟಿದ್ದೇನೆ.

ಎರಡು ವರ್ಷದ ಕೆಳಗೆ ಒಂದು ದಿನ ಈ ಪಾಠವನ್ನೇ ಹೇಳುತ್ತಿದ್ದೆ. ಉದಾಹರಣೆಗೆಂದು, ಈ ಜಾತಿಯ ಮೊದಲ ಕೃತಿಯಾದ ‘ಲಾಸರಿಲ್ಯೊ ದೆ ತೋರ್ಮೆಸ್’ನಿಂದ ಒಂದು ಪ್ರಸಂಗವನ್ನು ಹೇಳಿದೆ. ಕುರುಡ ಯಜಮಾನ ದ್ರಾಕ್ಷಾಮದ್ಯದ ಹೂಜಿಯನ್ನು ಕೈಬಿಡದೆ ಹಿಡಿದುಕೊಂಡು ಕೂತಿರುತ್ತಾನೆ. ಅವನ ಕೈಹಿಡಿದು ನಡೆಸುವ ಹುಡುಗ ಒಂದು ಉದ್ದನೆಯ ಹುಲ್ಲುಕೊಳವೆಯನ್ನು ಹೂಜಿಗೆ ಇಳಿಬಿಟ್ಟು ಹೀರುತ್ತಾನೆ. ತರಗತಿ ನಕ್ಕಿತು. ಹಿಂದಿನ ಸಾಲಿನ ಒಬ್ಬ ಹುಡುಗ ನಗಲಿಲ್ಲ. ಅವನು ಸಂಜೆಯ ಹೊತ್ತು ಒಂದು ಹೋಟೆಲಿನಲ್ಲಿ ಸಪ್ಲೈಯರ್ ಕೆಲಸ ಮಾಡಿ ಓದುತ್ತಿದ್ದವನೆಂದು ನನಗೆ ಗೊತ್ತಿತ್ತು. ಗಂಟೆ ಹೊಡೆದ ಮೇಲೆ ಬಾಗಿಲ ಬಳಿ ನಿಂತು ಕೇಳಿದ: “ಸಾರ್, ಆ ಕುರುಡ ಹುಡುಗನಿಗೆ ಹೊಟ್ಟೆ ತುಂಬ ಹಾಕುತ್ತಿದ್ದನೆ? ಹಾಕದೆ ಇದ್ದರೆ ಅದನ್ನು ಸಾಹಸ ಅಂತ ಹೇಗೆ ಬರೆಯೋದು?”

ನನ್ನಲ್ಲಿ ಉತ್ತರವಿರಲಿಲ್ಲ. ಕಾರಣ ಹೇಳಿಬಿಡುತ್ತೇನೆ: ಆ ಪುಸ್ತಕವನ್ನು ನಾನು ಓದಿರಲಿಲ್ಲ. ಕೈಪಿಡಿಗಳಲ್ಲಿ ಅದರ ವಿಷಯವನ್ನು ಓದಿದ್ದೆ, ಅಷ್ಟೆ. ಇಂಗ್ಲಿಷ್ ಅನುವಾದವೊಂದನ್ನು ತರಿಸಿ ಓದಿದೆ. ನೂರು ಪುಟ ತುಂಬುವುದೂ ಕಷ್ಟವಾದ ಸಣ್ಣ ಪುಸ್ತಕ. ಎರಡು ಸಂಜೆಯ ಓದು. ಓದಿ ಮುಗಿಸಿದಾಗ, ನಾನು ಇಷ್ಟು ವರ್ಷ ಕರಿಹಲಗೆಯ ಮೇಲೆ ಬರೆದ ಮೂರು ಲಕ್ಷಣಗಳೂ ಆ ಪುಸ್ತಕದ ಹೊರಮೈಗೆ ಸೇರಿದವು, ಒಳಗಿನದನ್ನು ಒಂದೂ ಮುಟ್ಟುವುದಿಲ್ಲ ಎಂದು ತಿಳಿಯಿತು. ಮಾತಿನ ಬೇರನ್ನು ಹುಡುಕಹೊರಟದ್ದು ಅನಂತರ.

ಸ್ಪ್ಯಾನಿಷ್‌ನಲ್ಲಿ ‘ಪೀಕರೊ’ ಎಂಬುದು ಮೂಲ ಪದ. ಪೀಕರೊನಿಗೆ ಸಂಬಂಧಪಟ್ಟದ್ದು ‘ಪಿಕರೆಸ್ಕೊ’. ಇದೇ ಇಂಗ್ಲಿಷಿನ ‘ಪಿಕಾರೆಸ್ಕ್’. ಈಗ ‘ಪೀಕರೊ’ ಎಂದರೆ ಕಿಲಾಡಿ, ತುಂಟ, ಠಕ್ಕ ಎಂಬ ಅರ್ಥಗಳಿವೆ. ಮಕ್ಕಳನ್ನು ಮುದ್ದಿನಿಂದ ಗದರಿಸುವಾಗಲೂ ಬಳಸುವಷ್ಟು ಅದು ಮೆದುವಾಗಿದೆ. ಆದರೆ ೧೬ನೆಯ ಶತಮಾನದ ಮೊದಲ ಭಾಗದಲ್ಲಿ ಈ ಮಾತು ಬರಹದಲ್ಲಿ ಕಾಣಿಸಿಕೊಳ್ಳುವಾಗ ಅದರ ಜೊತೆಗೆ ಇನ್ನೊಂದು ಮಾತು ಅಂಟಿಕೊಂಡಿದೆ: ‘ಅಡುಗೆಮನೆಯ ಪೀಕರೊ’. ಎಂದರೆ ದೊಡ್ಡವರ ಅಡುಗೆಮನೆಯಲ್ಲಿ ಮುಸುರೆ ತಿಕ್ಕುವ, ಎಲ್ಲರಿಂದಲೂ ಬೈಸಿಕೊಳ್ಳುವ ಚಾಕರಿಯ ಹುಡುಗ. ಅವನಿಗಿಂತ ಕೆಳಗಿನ ಆಳು ಆ ಮನೆಯಲ್ಲಿ ಇಲ್ಲ. ಅನ್ನದ ಪಕ್ಕದಲ್ಲೇ ಇದ್ದು ಅನ್ನಕ್ಕೆ ಹಕ್ಕಿಲ್ಲದವನು ಪೀಕರೊ.

ಇದರ ಹಿಂದಿನ ವ್ಯುತ್ಪತ್ತಿ ಏನು? ವಿದ್ವಾಂಸರ ಊಹೆಗಳಲ್ಲಿ ಮುಖ್ಯವಾದವು ಎರಡು. ‘ಪಿಕಾರ್’ ಎಂಬ ಕ್ರಿಯಾಪದಕ್ಕೆ ಚುಚ್ಚು, ಕುಕ್ಕು, ಕೊಚ್ಚು ಎಂಬ ಅರ್ಥಗಳಿವೆ. ಅಡುಗೆಮನೆಯಲ್ಲಿ ಕೊಚ್ಚುವ ಕೆಲಸದವನು ಪೀಕರೊ ಆದನೆಂಬುದು ಒಂದು. ಉತ್ತರ ಫ್ರಾನ್ಸಿನ ಪಿಕಾರ್ಡಿ ಪ್ರಾಂತದಿಂದ ಮಾತು ಬಂತು, ಆ ಸೀಮೆಯ ಯುದ್ಧಗಳಿಂದ ದಿಕ್ಕೆಟ್ಟು ಹರಕು ಬಟ್ಟೆಯಲ್ಲಿ ಬಂದ ಸಿಪಾಯಿಗಳಿಗೆ ಈ ಹೆಸರು ಬಿತ್ತು ಎಂಬುದು ಇನ್ನೊಂದು. ಎರಡೂ ಒಂದರೊಳಗೊಂದು ಬೆರೆತಿರಬೇಕೆಂದು ಹೇಳುವವರೂ ಇದ್ದಾರೆ. ತೀರ್ಮಾನ ಯಾವುದೇ ಆಗಲಿ, ನಮ್ಮ ಪ್ರಕೃತಕ್ಕೆ ಒಂದು ಅಂಶ ಸಾಕು: ಎರಡು ದಾರಿಯೂ ನಮ್ಮನ್ನು ಕೊಂಡೊಯ್ಯುವುದು ಹೊಟ್ಟೆಗಿಲ್ಲದವನ ಬಳಿಗೇ.

ಇನ್ನು ಇಂಗ್ಲಿಷಿನ ಕಡೆ ನೋಡಬೇಕು. ಅಲ್ಲಿಗೆ ಪುಸ್ತಕಗಳು ಮೊದಲು ಬಂದವು, ಮಾತು ಬಹಳ ತಡವಾಗಿ ಬಂತು. ಡೇವಿಡ್ ರೋಲಂಡ್ ಎಂಬವನ ‘ಲಾಸರಿಲ್ಯೊ’ ಅನುವಾದ ೧೫೮೬ರಲ್ಲಿ ಅಚ್ಚಾಯಿತು. ಶೀರ್ಷಿಕೆಯಲ್ಲಿಯೇ ಅದನ್ನು ವಿನೋದದ ಚರಿತ್ರೆಯೆಂದು ಕರೆದಿತ್ತು. ಮಾತೆಯೊ ಅಲೆಮಾನನ ‘ಗುಸ್ಮಾನ್ ದೆ ಅಲ್ಫರಾಚೆ’ಯನ್ನು ಜೇಮ್ಸ್ ಮ್ಯಾಬ್ ೧೬೨೨ರಲ್ಲಿ ಇಂಗ್ಲಿಷಿಗೆ ತಂದಾಗ ಕೊಟ್ಟ ಹೆಸರು ‘ದಿ ರೋಗ್’ ಎಂದು, ಅಂದರೆ ಠಕ್ಕ. ೧೭ನೆಯ ಶತಮಾನದಲ್ಲಿ ಇದೇ ಬೇರಿನಿಂದ ‘ಪಿಕರೂನ್’ ಎಂಬ ಇನ್ನೊಂದು ಮಾತು ಇಂಗ್ಲಿಷಿಗೆ ಬಂತು. ಅದರ ಅರ್ಥ ಕಳ್ಳ, ಕಡಲುಗಳ್ಳ. ‘ಪಿಕಾರೆಸ್ಕ್’ ಬಂದದ್ದು ೧೯ನೆಯ ಶತಮಾನದ ಆರಂಭದಲ್ಲಿ. ಆ ಹೊತ್ತಿಗೆ ಅದು ಮನುಷ್ಯನೊಬ್ಬನ ಹೆಸರಾಗಿ ಉಳಿದಿರಲಿಲ್ಲ, ಪುಸ್ತಕದ ಕಪಾಟಿಗೆ ಅಂಟಿಸುವ ಚೀಟಿಯಾಗಿತ್ತು. ಇಂದಿನ ಇಂಗ್ಲಿಷ್ ನಿಘಂಟುಗಳನ್ನು ತೆಗೆದರೆ ಅರ್ಥ ಹೆಚ್ಚುಕಡಮೆ ಒಂದೇ: ಒರಟನೂ ಅಪ್ರಾಮಾಣಿಕನೂ ಆದರೂ ನಮಗೆ ಪ್ರಿಯನಾಗುವ ನಾಯಕನೊಬ್ಬನ ಸಾಹಸಗಳನ್ನು ಬಿಡಿಬಿಡಿ ಪ್ರಸಂಗಗಳಲ್ಲಿ ಹೇಳುವ ಕಥನ. ನನ್ನ ಕರಿಹಲಗೆಯ ಮೂರು ಲಕ್ಷಣಗಳೂ ಇಲ್ಲಿಂದಲೇ ಬಂದವು. ಅಡುಗೆಮನೆ ಎಲ್ಲಿಯೂ ಇಲ್ಲ. ಹಸಿವು ಎಂಬ ಮಾತೂ ಇಲ್ಲ.

ಈಗ ಪುಸ್ತಕಕ್ಕೆ ಬರೋಣ. ‘ಲಾಸರಿಲ್ಯೊ’ವಿನ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಮುದ್ರಣಗಳೆಲ್ಲ ೧೫೫೪ರವು. ಬುರ್ಗೋಸ್, ಅಲ್ಕಲಾ, ಆಂಟ್‌ವರ್ಪ್ ಮತ್ತು ಮೆದಿನಾ ದೆಲ್ ಕಾಂಪೊ ಎಂಬ ನಾಲ್ಕು ಊರುಗಳಲ್ಲಿ ಒಂದೇ ವರ್ಷ ಅಚ್ಚಾದವು. ಬರೆದವನ ಹೆಸರಿಲ್ಲ. ೧೫೫೯ರಲ್ಲಿ ಸ್ಪೇನಿನ ಧಾರ್ಮಿಕ ವಿಚಾರಣಾ ಮಂಡಲಿ ಇದನ್ನು ನಿಷಿದ್ಧ ಪುಸ್ತಕಗಳ ಪಟ್ಟಿಗೆ ಸೇರಿಸಿತು. ೧೫೭೩ರಲ್ಲಿ ಕತ್ತರಿ ಹಾಕಿದ ಪ್ರತಿಯೊಂದಕ್ಕೆ ಅನುಮತಿ ದೊರೆಯಿತು. ಮೆದಿನಾದ ಮುದ್ರಣ ಇತ್ತೆಂಬುದೇ ಬಹುಕಾಲ ಯಾರಿಗೂ ತಿಳಿದಿರಲಿಲ್ಲ. ೧೯೯೨ರಲ್ಲಿ ಬಾರ್ಕರೋಟ ಎಂಬ ಊರಿನ ಹಳೆಯ ಮನೆಯೊಂದರ ರಿಪೇರಿ ನಡೆಯುತ್ತಿದ್ದಾಗ, ಗೋಡೆಯೊಳಗೆ ಹುದುಗಿಸಿಟ್ಟ ಕೆಲವು ಪುಸ್ತಕಗಳ ನಡುವೆ ಅದರ ಒಂದು ಪ್ರತಿ ಸಿಕ್ಕಿತು. ಬರಿಯ ವಿನೋದದ ಕಥೆಯನ್ನು ಯಾರೂ ಗೋಡೆಯೊಳಗೆ ಮುಚ್ಚಿಡುವುದಿಲ್ಲ.

ಈ ಪುಸ್ತಕದಲ್ಲಿ ‘ಪೀಕರೊ’ ಎಂಬ ಮಾತು ಒಮ್ಮೆಯೂ ಬರುವುದಿಲ್ಲ. ಪ್ರಕಾರದ ಮೂಲಪುರುಷನಿಗೆ ಪ್ರಕಾರದ ಹೆಸರು ಗೊತ್ತಿಲ್ಲ. ಆದರೆ ಆ ಹೆಸರಿನ ಹಿಂದಿರುವ ಬಾಳು ಪುಟಪುಟದಲ್ಲಿಯೂ ಇದೆ. ಲಾಸರೊ ಹುಟ್ಟಿದ್ದು ತೋರ್ಮೆಸ್ ಹೊಳೆಯ ಮೇಲಿನ ಹಿಟ್ಟಿನ ಗಿರಣಿಯಲ್ಲಿ. ತಂದೆ ಗಿರಣಿಯ ಕೆಲಸದವನು; ಚೀಲಗಳಿಂದ ಕಾಳು ಕದ್ದನೆಂದು ಶಿಕ್ಷೆಗೆ ಗುರಿಯಾಗಿ ಮುಂದೆ ದಂಡಯಾತ್ರೆಯೊಂದರಲ್ಲಿ ಸಾಯುತ್ತಾನೆ. ತಾಯಿಗೆ ಆಸರೆಯಾದವನು ಕುದುರೆ ಲಾಯದ ಕರಿಯ ಆಳು. ತನ್ನ ಎಳೆಮಗುವನ್ನು ಸಾಕುವುದಕ್ಕೆ ಅವನೂ ಲಾಯದ ಜವೆ ಕದ್ದು ಸಿಕ್ಕಿಬೀಳುತ್ತಾನೆ. ದಿಕ್ಕಿಲ್ಲದ ತಾಯಿ ಮಗನನ್ನು ಕುರುಡ ಭಿಕ್ಷುಕನ ಕೈಗೆ ಒಪ್ಪಿಸುತ್ತಾಳೆ. ಸಲಮಾಂಕಾದ ಸೇತುವೆಯ ಬಳಿ ಒಂದು ಕಲ್ಲಿನ ಗೂಳಿ. ಅದಕ್ಕೆ ಕಿವಿಗೊಟ್ಟು ಕೇಳು, ಒಳಗೆ ದೊಡ್ಡ ಸದ್ದು ಕೇಳಿಸುತ್ತದೆ ಎನ್ನುತ್ತಾನೆ ಕುರುಡ. ಹುಡುಗ ನಂಬಿ ಬಾಗಿದಾಗ ತಲೆಯನ್ನು ಹಿಡಿದು ಕಲ್ಲಿಗೆ ಅಪ್ಪಳಿಸುತ್ತಾನೆ. ಅದು ಲಾಸರೊ ಕಲಿತ ಮೊದಲ ಪಾಠ.

ಹೂಜಿಯ ಪ್ರಸಂಗ ಬರುವುದು ಇದಾದ ಮೇಲೆ. ನನ್ನ ವಿದ್ಯಾರ್ಥಿ ಕೇಳಿದ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಿಯೇ ಇದೆ: ಕುರುಡ ಕೈತುಂಬ ಸಂಪಾದಿಸುತ್ತಾನೆ, ಹುಡುಗನಿಗೆ ಅರ್ಧ ಹೊಟ್ಟೆಗೂ ಹಾಕುವುದಿಲ್ಲ. ಮದ್ಯ ಕದಿಯುವ ಮೋಸ ಗೊತ್ತಾದ ಮೇಲೆ ಆ ಹೂಜಿಯನ್ನೇ ಹುಡುಗನ ಮುಖದ ಮೇಲೆ ಬೀಳಿಸಿ ಹಲ್ಲು ಮುರಿಯುತ್ತಾನೆ. ನಾನು ತರಗತಿಯಲ್ಲಿ ಕಥೆಯನ್ನು ನಗುವಿಗೆ ನಿಲ್ಲಿಸಿಬಿಟ್ಟಿದ್ದೆ. ಹಲ್ಲು ಮುರಿದದ್ದು ಕೈಪಿಡಿಯಲ್ಲಿ ಇರಲಿಲ್ಲ.

ಎರಡನೆಯ ಯಜಮಾನ ಮಕೇದಾ ಊರಿನ ಪಾದ್ರಿ. ನಾಲ್ಕು ದಿನಕ್ಕೊಮ್ಮೆ ಒಂದು ಈರುಳ್ಳಿ, ಇದು ಅವನು ಹುಡುಗನಿಗೆ ಗೊತ್ತುಮಾಡಿದ ಪಡಿ. ರೊಟ್ಟಿಯೆಲ್ಲ ಪೆಟ್ಟಿಗೆಯಲ್ಲಿ, ಬೀಗದೊಳಗೆ. ಊರಿನಲ್ಲಿ ಸಾವಾದಾಗ ಮಾತ್ರ ಹುಡುಗನಿಗೆ ಹೊಟ್ಟೆ ತುಂಬ ಊಟ. ಆದ್ದರಿಂದ ರೋಗಿಯ ಬಳಿ ಎಲ್ಲರೂ ಪ್ರಾರ್ಥನೆ ಮಾಡುವಾಗ ಇವನೂ ಮನಃಪೂರ್ವಕವಾಗಿ ಪ್ರಾರ್ಥಿಸುತ್ತಾನೆ. ಆದರೆ ಇವನು ಬೇಡುವುದು ರೋಗಿಯ ಸಾವನ್ನು. ಇದನ್ನು ಓದಿ ನಗು ಬರುತ್ತದೆ, ನಿಜ. ನಕ್ಕ ಮರುಕ್ಷಣ, ಎಷ್ಟು ಹಸಿದರೆ ಒಂದು ಮಗು ಹೀಗೆ ಬೇಡೀತು ಎಂಬ ಯೋಚನೆ ಬಂದು ನಗು ಗಂಟಲಲ್ಲೇ ನಿಲ್ಲುತ್ತದೆ. ಈ ಪುಸ್ತಕದ ಹಾಸ್ಯದ ರೀತಿಯೇ ಅದು.

ಮೂರನೆಯ ಯಜಮಾನನ ಪ್ರಸಂಗ ಇಡೀ ಪುಸ್ತಕದ ಹೃದಯ. ತೊಲೇದೊ ನಗರದಲ್ಲಿ ಲಾಸರೊ ಒಬ್ಬ ಕುಲೀನನ ಸೇವೆಗೆ ಸೇರುತ್ತಾನೆ. ಒಳ್ಳೆಯ ಬಟ್ಟೆ, ಸೊಂಟದಲ್ಲಿ ಕತ್ತಿ, ಗಂಭೀರವಾದ ನಡಿಗೆ. ಕೊನೆಗೂ ಬದುಕಿದೆ ಎಂದುಕೊಳ್ಳುತ್ತಾನೆ ಹುಡುಗ. ಆದರೆ ಯಜಮಾನ ಸಂತೆಯನ್ನು ದಾಟಿ ಹೋಗುತ್ತಾನೆ, ಏನನ್ನೂ ಕೊಳ್ಳುವುದಿಲ್ಲ. ಮನೆಗೆ ಬಂದರೆ ಕುರ್ಚಿಯಿಲ್ಲ, ಪೆಟ್ಟಿಗೆಯಿಲ್ಲ, ಒಲೆಯಲ್ಲಿ ಬೂದಿಯೂ ಇಲ್ಲ. ಯಜಮಾನನೂ ಉಪವಾಸ! ದುಡಿಯುವುದು ಅವನ ಕುಲಕ್ಕೆ ಅವಮಾನ, ಬೇಡುವುದು ಇನ್ನೂ ಅವಮಾನ. ಹಸಿದ ಹೊಟ್ಟೆಯಲ್ಲಿ ಬಾಗಿಲಿಗೆ ಬಂದು, ಊಟ ಮಾಡಿದವನಂತೆ ಕಡ್ಡಿಯಿಂದ ಹಲ್ಲು ಕೆದಕುತ್ತ ನಿಲ್ಲುತ್ತಾನೆ, ಬೀದಿಯವರಿಗೆ ಕಾಣಲೆಂದು. ಒಂದು ದಿನ ಬೀದಿಯಲ್ಲಿ ಶವ ಬರುತ್ತದೆ. ಉಂಡುಟ್ಟು ಮಾಡದ ಕತ್ತಲೆಯ ಮನೆಗೆ ನಿನ್ನನ್ನು ಒಯ್ಯುತ್ತಿದ್ದಾರಲ್ಲ ಎಂದು ವಿಧವೆ ಅಳುತ್ತಾಳೆ. ಅಂಥ ಮನೆ ನಮ್ಮದಲ್ಲದೆ ಇನ್ನಾವುದು, ಹೆಣವನ್ನು ಇಲ್ಲಿಗೇ ತರುತ್ತಿದ್ದಾರೆ ಎಂದು ಹುಡುಗ ಓಡಿಬಂದು ಬಾಗಿಲು ಹಾಕಿಕೊಳ್ಳುತ್ತಾನೆ.

ಲಾಸರೊ ಬೀದಿಯಲ್ಲಿ ತಿರಿದು ರೊಟ್ಟಿಯ ಚೂರುಗಳನ್ನೂ ಬೇಯಿಸಿದ ಒಂದು ದನದ ಕಾಲನ್ನೂ ತರುತ್ತಾನೆ. ಯಜಮಾನ ಕೇಳಲಾರ, ನೋಡದೆ ಇರಲಾರ. ನೀನು ಉಣ್ಣುವ ಚಂದ ನೋಡಿದರೆ ಯಾರಿಗಾದರೂ ಹಸಿವಾದೀತು ಎನ್ನುವ ಅರ್ಥದಲ್ಲಿ ಏನೋ ಹೊಗಳುತ್ತಾನೆ. ಹುಡುಗನಿಗೆ ಅರ್ಥವಾಗುತ್ತದೆ. ಅವನ ಮಾನ ಕಾಯುವ ಹಾಗೆ, ರುಚಿಯಾಗಿದೆ ನೋಡಿ ಎನ್ನುವ ನೆವದಲ್ಲಿ ತನ್ನ ಪಾಲನ್ನು ಕೊಡುತ್ತಾನೆ. ಮುಂದೆ ಆಳೇ ತಿರಿದು ತಂದು ಒಡೆಯನನ್ನು ಸಾಕುತ್ತಾನೆ. ಹೊಡೆದ ಕುರುಡನನ್ನೂ ಉಪವಾಸ ಕೆಡವಿದ ಪಾದ್ರಿಯನ್ನೂ ದ್ವೇಷಿಸಿದ ಈ ಹುಡುಗ, ಏನೂ ಇಲ್ಲದ ಯಜಮಾನನಿಗೆ ಮರುಗುತ್ತಾನೆ. ಕೊನೆಗೆ ಬಾಡಿಗೆ ಕೇಳಲು ಜನ ಬಂದಾಗ, ಚಿನ್ನದ ನಾಣ್ಯ ಮುರಿಸಿಕೊಂಡು ಬರುತ್ತೇನೆಂದು ಹೋದ ಯಜಮಾನ ಹಿಂತಿರುಗುವುದೇ ಇಲ್ಲ. ಆಳು ಒಡೆಯನನ್ನು ಬಿಟ್ಟು ಓಡುವುದು ಲೋಕದ ಪದ್ಧತಿ. ಇಲ್ಲಿ ಒಡೆಯನೇ ಆಳನ್ನು ಬಿಟ್ಟು ಓಡುತ್ತಾನೆ. ‘ಠಕ್ಕ’ ಎಂಬ ಮಾತು ಈ ಹುಡುಗನಿಗೆ ಎಷ್ಟು ಸಲ್ಲುತ್ತದೆ ಎಂಬುದನ್ನು ಓದುಗರೇ ತೂಗಿ ನೋಡಬೇಕು.

ಇದೇ ಪ್ರಸಂಗದ ನಡುವೆ ಇನ್ನೊಂದು ಸಂಗತಿ ಬರುತ್ತದೆ. ಆ ವರ್ಷ ಬೆಳೆಯಿಲ್ಲ. ಹೊರಗಿನಿಂದ ಬಂದ ಬಡವರೆಲ್ಲ ನಗರವನ್ನು ಬಿಟ್ಟು ಹೋಗಬೇಕು, ಉಳಿದವರಿಗೆ ಛಡಿಯೇಟು ಎಂದು ತೊಲೇದೊದ ಆಡಳಿತ ಡಂಗುರ ಹೊಡೆಯಿಸುತ್ತದೆ. ನಾಲ್ಕು ದಿನಗಳಲ್ಲಿ ಬಡವರ ಸಾಲನ್ನು ಬೀದಿಯಲ್ಲಿ ಹೊಡೆಯುತ್ತ ಕರೆದೊಯ್ಯುವುದನ್ನು ಲಾಸರೊ ನೋಡುತ್ತಾನೆ. ಆಮೇಲೆ ತಿರಿಯಲು ಹೆದರುತ್ತಾನೆ. ಇದು ಕಟ್ಟುಕಥೆಯಲ್ಲ. ಭಿಕ್ಷಾಟನೆಯನ್ನು ಹತೋಟಿಗೆ ತರುವ ಶಾಸನ ೧೫೪೦ರಲ್ಲಿ ಕಾಸ್ತೀಲ್ ರಾಜ್ಯದಲ್ಲಿ ಬಂದಿತ್ತು. ಬಡವನಿಗೆ ಊರಿಂದೂರಿಗೆ ಹೋಗಿ ಬೇಡುವ ಹಕ್ಕಿದೆಯೇ ಇಲ್ಲವೇ ಎಂದು ೧೫೪೫ರಲ್ಲಿ ಸಲಮಾಂಕಾದಲ್ಲಿ ದೊಮಿಂಗೊ ದೆ ಸೋತೊ ಮತ್ತು ಹ್ವಾನ್ ದೆ ರೋಬ್ಲೆಸ್ ಎಂಬ ಇಬ್ಬರು ಧರ್ಮಪಂಡಿತರು ಪುಸ್ತಕ ಬರೆದು ವಾದಿಸಿದ್ದರು. ‘ಪಿಕಾರೆಸ್ಕ್’ ನಾಯಕ ಊರೂರು ಅಲೆಯುತ್ತಾನೆ ಎಂದು ನಾವು ಸಲೀಸಾಗಿ ಬರೆಯುತ್ತೇವೆ. ಅವನು ಅಲೆಯುವುದು ದೇಶ ನೋಡುವ ಹಂಬಲದಿಂದಲ್ಲ. ಒಂದು ಊರು ಅವನನ್ನು ಹೊರದೂಡುತ್ತದೆ, ಇನ್ನೊಂದರಲ್ಲಿ ಊಟವಿರಬಹುದೆಂಬ ಆಸೆ ಅವನನ್ನು ಎಳೆಯುತ್ತದೆ.

ಇನ್ನು ‘ಸಡಿಲವಾದ ಕಥಾಸಂವಿಧಾನ’ ಎಂಬ ಲಕ್ಷಣ. ಮೇಲುನೋಟಕ್ಕೆ ಇದು ಸರಿಯೆನಿಸುತ್ತದೆ. ಒಬ್ಬ ಯಜಮಾನನಾದ ಮೇಲೆ ಇನ್ನೊಬ್ಬ. ಆದರೆ ಪುಸ್ತಕ ಇಡಿಯಾಗಿ ಒಂದು ಪತ್ರ ಎಂಬುದನ್ನು ಮರೆಯಬಾರದು. ಹೆಸರು ಹೇಳದ ಒಬ್ಬ ದೊಡ್ಡ ಮನುಷ್ಯ ಲಾಸರೊನಿಂದ ಒಂದು ವಿಷಯಕ್ಕೆ ವಿವರಣೆ ಕೇಳಿದ್ದಾನೆ; ಅದಕ್ಕೆ ಉತ್ತರ ಈ ಪತ್ರ. ವಿಷಯ ಏನೆಂಬುದು ತಿಳಿಯುವುದು ಕೊನೆಯಲ್ಲಿ. ಲಾಸರೊ ಈಗ ತೊಲೇದೊ ನಗರದಲ್ಲಿ ಡಂಗುರ ಸಾರುವ ಸರಕಾರಿ ಕೆಲಸದವನು. ಹಿರಿಯ ಪಾದ್ರಿಯೊಬ್ಬ ತನ್ನ ಮನೆಕೆಲಸದವಳನ್ನೇ ಇವನಿಗೆ ಮದುವೆ ಮಾಡಿಸಿದ್ದಾನೆ. ಆ ಹೆಂಡತಿ ಪಾದ್ರಿಯ ಮನೆಗೆ ಹೋಗಿಬರುವುದನ್ನು ಕುರಿತು ಊರು ಆಡಿಕೊಳ್ಳುತ್ತಿದೆ. ಜನದ ಮಾತಿಗೆ ಕಿವಿಗೊಡಬೇಡ, ನಿನ್ನ ಲಾಭ ನೋಡಿಕೊ ಎಂದು ಪಾದ್ರಿ ಬುದ್ಧಿ ಹೇಳುತ್ತಾನೆ. ಲಾಸರೊ ಲಾಭವನ್ನು ನೋಡಿಕೊಳ್ಳುತ್ತಾನೆ. ಹೆಂಡತಿ ಪತಿವ್ರತೆಯೆಂದು ಆಣೆಯಿಟ್ಟು ಎಲ್ಲರ ಬಾಯಿ ಮುಚ್ಚಿಸುತ್ತಾನೆ. ಮನೆಯಲ್ಲಿ ಶಾಂತಿಯಿದೆ, ಕಣಜದಲ್ಲಿ ಗೋಧಿಯಿದೆ.

ಈಗ ಹಿಂದಿರುಗಿ ನೋಡಿದರೆ ಸಡಿಲವೆನಿಸಿದ ಪ್ರಸಂಗಗಳೆಲ್ಲ ಈ ಒಂದು ಉತ್ತರಕ್ಕೆ ಪೀಠಿಕೆಗಳಾಗಿ ಕಾಣುತ್ತವೆ. ಹೀಗೇಕೆ ಬಾಳುತ್ತಿದ್ದೀಯೆ ಎಂದು ಕೇಳಿದ್ದೀರಲ್ಲ ಸ್ವಾಮಿ, ಹೊಟ್ಟೆಗಿಲ್ಲದೆ ಬೆಳೆದವನು ನಾನು, ಮಾನ ಒಂದನ್ನೇ ನಂಬಿದ ಯಜಮಾನ ಉಪವಾಸ ಬಿದ್ದದ್ದನ್ನು ಕಣ್ಣಾರೆ ನೋಡಿದವನು ನಾನು, ಈಗ ನೀವೇ ಹೇಳಿ ಎನ್ನುವಂತಿದೆ ಪತ್ರದ ಧಾಟಿ. ಸ್ಪೇನಿನ ವಿದ್ವಾಂಸ ಫ್ರಾನ್ಸಿಸ್ಕೊ ರೀಕೊ ೧೯೭೦ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇದನ್ನೇ ಎತ್ತಿ ತೋರಿಸಿದ: ಕಥೆಯ ಬಂಧ ಇರುವುದು ಹೇಳುವವನ ದೃಷ್ಟಿಕೋನದಲ್ಲಿ. ಪತ್ರದ ಕೊನೆಯಲ್ಲಿ ಇನ್ನೊಂದು ಕಟುವ್ಯಂಗ್ಯವೂ ಅಡಗಿದೆ. ಡಂಗುರದವನ ಕೆಲಸಗಳಲ್ಲಿ ಒಂದು, ಶಿಕ್ಷೆಗೆ ಗುರಿಯಾದವರ ಜೊತೆ ಬೀದಿಯಲ್ಲಿ ನಡೆದು ಅವರ ಅಪರಾಧವನ್ನು ಗಟ್ಟಿಯಾಗಿ ಸಾರುವುದು. ಕಳ್ಳನೆಂದು ಶಿಕ್ಷೆಯುಂಡ ಗಿರಣಿ ಕೆಲಸದವನ ಮಗ, ಛಡಿಯೇಟಿಗೆ ಹೆದರಿ ತಿರಿಯುವುದನ್ನೇ ಬಿಟ್ಟವನು, ಈಗ ಬೇರೆ ಬಡವರ ತಪ್ಪನ್ನು ಕೂಗಿ ಹೇಳಿ ಅನ್ನ ತಿನ್ನುತ್ತಾನೆ. ಅವನು ಮೇಲೆ ಬಂದದ್ದು ನಿಜ. ಅದಕ್ಕೆ ತೆತ್ತ ಬೆಲೆ ಏನೆಂಬುದು ಅವನಿಗೆ ಗೊತ್ತೇ, ಗೊತ್ತಿದ್ದೂ ನಮ್ಮಿಂದ ಮುಚ್ಚಿಡುತ್ತಿದ್ದಾನೆಯೇ? ಪುಸ್ತಕ ಮುಗಿದ ಮೇಲೂ ಈ ಪ್ರಶ್ನೆ ಮುಗಿಯುವುದಿಲ್ಲ.

‘ಪೀಕರೊ’ ಎಂಬ ಹೆಸರು ಈ ಜಾತಿಯ ಪುಸ್ತಕಗಳಿಗೆ ನಿಂತದ್ದು ಅಲೆಮಾನನ ‘ಗುಸ್ಮಾನ್’ನಿಂದ. ಮೊದಲ ಭಾಗ ೧೫೯೯ರಲ್ಲಿಯೂ ಎರಡನೆಯದು ೧೬೦೪ರಲ್ಲಿಯೂ ಹೊರಬಂದವು. ಅಲೆಮಾನನ ತಂದೆ ಸೆವಿಲ್ ನಗರದ ಸೆರೆಮನೆಯ ವೈದ್ಯ. ಅಲೆಮಾನನೇ ಸಾಲಕ್ಕಾಗಿ ಸೆರೆಮನೆ ಕಂಡವನು. ೧೫೯೩ರಲ್ಲಿ ಅಲ್ಮದೇನ್‌ನ ಪಾದರಸದ ಗಣಿಗೆ ಸರಕಾರದ ವಿಚಾರಣಾಧಿಕಾರಿಯಾಗಿ ಹೋಗಿ, ಅಲ್ಲಿ ದುಡಿಯುತ್ತಿದ್ದ ಕೈದಿಗಳ ಬಾಯಿಂದಲೇ ಅವರ ಸ್ಥಿತಿಯನ್ನು ಕೇಳಿ ಬರೆದುಕೊಂಡವನು. ಅವನ ನಾಯಕ ಮ್ಯಾಡ್ರಿಡ್‌ನಲ್ಲಿ ಬುಟ್ಟಿ ಹೊರುತ್ತಾನೆ, ಅಡುಗೆಯವನ ಕೈಕೆಳಗೆ ಚಾಕರಿ ಮಾಡುತ್ತಾನೆ. ಕೊನೆಗೆ ಹುಟ್ಟುಹಾಕುವ ಶಿಕ್ಷೆಗೊಳಗಾಗಿ ಹಡಗಿನ ಮೇಲೆ ತನ್ನ ಬಾಳನ್ನು ಬರೆಯುತ್ತಾನೆ. ಗ್ರಂಥಕರ್ತ ಇಟ್ಟ ಗಂಭೀರವಾದ ಹೆಸರನ್ನು ಜನ ಬಿಟ್ಟು ‘ಪೀಕರೊ’ ಎಂದೇ ಪುಸ್ತಕವನ್ನು ಕರೆದರು.

ಇಲ್ಲಿ ಒಂದು ನ್ಯಾಯ ಹೇಳಬೇಕು. ಹಸಿವನ್ನು ಮರೆತ ತಪ್ಪು ಇಂಗ್ಲಿಷಿನದು ಮಾತ್ರವಲ್ಲ. ಸ್ಪೇನಿನಲ್ಲಿಯೇ ಅದು ಮೊದಲಾಗಿತ್ತು. ೧೬೨೬ರಲ್ಲಿ ಅಚ್ಚಾದ ಕೆವೆದೊನ ‘ಎಲ್ ಬುಸ್ಕೊನ್’ ಭಾಷೆಯ ಚಮತ್ಕಾರದಲ್ಲಿ ಅಸಾಧಾರಣ ಕೃತಿ. ಆದರೆ ಕೆವೆದೊ ಆಸ್ಥಾನದ ವಲಯದವನು. ಅವನ ನಾಯಕ ದೊಡ್ಡಮನುಷ್ಯನಾಗಲು ಹೊರಟಾಗೆಲ್ಲ ಕಥೆ ಅವನನ್ನು ಕೆಸರಿಗೆ ತಳ್ಳುತ್ತದೆ. ಕೆಳಗಿನವನು ಮೇಲೆ ಬರಲು ಹವಣಿಸುವುದೇ ಅಲ್ಲಿ ನಗೆಯ ವಸ್ತು. ಲಾಸರೊನ ಹಸಿವಿನ ಒಳಗೆ ಕೂತು ನಾವು ಲೋಕವನ್ನು ನೋಡಿದೆವು. ಇಲ್ಲಿ ಮೇಲುಪ್ಪರಿಗೆಯಲ್ಲಿ ನಿಂತು ಹಸಿವನ್ನು ನೋಡುತ್ತೇವೆ. ಸೆರ್ವಾಂಟೆಸ್ ಬೇರೊಂದು ದಿಕ್ಕಿನಿಂದ ಚುಚ್ಚಿದ. ೧೬೦೫ರ ‘ಡಾನ್ ಕ್ವಿಕ್ಸಾಟ್’ನಲ್ಲಿ ಸಂಕೋಲೆ ತೊಟ್ಟ ಒಬ್ಬ ಕೈದಿ ತನ್ನ ಚರಿತ್ರೆಯನ್ನು ತಾನೇ ಬರೆಯುತ್ತಿದ್ದೇನೆಂದು ಜಂಬ ಕೊಚ್ಚುತ್ತಾನೆ, ‘ಲಾಸರಿಲ್ಯೊ’ವನ್ನೂ ಮೀರಿಸುತ್ತದೆ ಎನ್ನುತ್ತಾನೆ. ಮುಗಿಯಿತೇ ಎಂದು ಕೇಳಿದರೆ, ನನ್ನ ಬಾಳೇ ಮುಗಿಯದಿರುವಾಗ ಪುಸ್ತಕ ಹೇಗೆ ಮುಗಿದೀತು ಎಂಬರ್ಥದ ಉತ್ತರ ಕೊಡುತ್ತಾನೆ. ತನ್ನ ಕಥೆ ತಾನೇ ಹೇಳುವವನನ್ನು ಎಷ್ಟು ನಂಬಬೇಕೆಂಬ ಸಂಶಯವನ್ನು ಸೆರ್ವಾಂಟೆಸ್ ಅಂದೇ ಎತ್ತಿದ್ದ.

ಮುಂದೆ ಫ್ರಾನ್ಸಿನ ಲೆಸಾಜ್ ೧೭೧೫ರಿಂದ ೧೭೩೫ರವರೆಗೆ ಸಂಪುಟ ಸಂಪುಟವಾಗಿ ಪ್ರಕಟಿಸಿದ ‘ಜಿಲ್ ಬ್ಲಾ’ದಲ್ಲಿ ಪೀಕರೊ ಬಹುಮಟ್ಟಿಗೆ ಸಭ್ಯನಾದ, ಸುಖಿಯಾದ. ಇಂಗ್ಲಿಷ್ ಕಾದಂಬರಿಕಾರರು ಮೆಚ್ಚಿ ಅನುಸರಿಸಿದ್ದು ಹೆಚ್ಚಾಗಿ ಇವನನ್ನು. ‘ಜಿಲ್ ಬ್ಲಾ’ವನ್ನು ಇಂಗ್ಲಿಷಿಗೆ ತಂದ ಸ್ಮಾಲೆಟ್ ೧೭೪೮ರ ತನ್ನ ‘ರೊಡ್ರಿಕ್ ರ‍್ಯಾಂಡಮ್’ಗೆ ಬರೆದ ಮುನ್ನುಡಿಯಲ್ಲಿ ಲೆಸಾಜ್‌ನ ಋಣವನ್ನು ಒಪ್ಪಿಕೊಂಡು, ಜಿಲ್ ಬ್ಲಾನ ಕಷ್ಟಗಳು ಕರುಣೆಗಿಂತ ನಗೆಯನ್ನೇ ಹೆಚ್ಚಾಗಿ ತರುತ್ತವೆ ಎಂದು ಆಕ್ಷೇಪಿಸಿದ್ದಾನೆ. ಏನೋ ಕಳೆದುಹೋಗಿದೆ ಎಂಬುದು ಅವನ ಅರಿವಿಗೆ ಬಂದಿತ್ತು. ಕಳೆದದ್ದು ಇಂಗ್ಲಿಷಿನಲ್ಲಿ ಎಲ್ಲಾದರೂ ಉಳಿದಿದ್ದರೆ ಅದು ೧೭೨೨ರ ಡೆಫೊನ ‘ಮಾಲ್ ಫ್ಲ್ಯಾಂಡರ್ಸ್’ನಲ್ಲಿ. ಸೆರೆಮನೆಯಲ್ಲಿ ಹುಟ್ಟಿದ ಆ ಹೆಣ್ಣಿಗೆ ಬಡತನದ ಭಯ ಬೆನ್ನು ಬಿಡದ ನೆರಳು. ಅವಳ ಕಳ್ಳತನದ ಹಿಂದೆ ಆ ನೆರಳಿದೆ.

ಮಾತಿನ ಅರ್ಥ ಕಾಲಕಾಲಕ್ಕೆ ಬದಲಾಗುವುದು ಸಹ���, ವ್ಯುತ್ಪತ್ತಿಯನ್ನು ಹಿಡಿದು ಈಗಿನ ಬಳಕೆಯನ್ನು ತಪ್ಪೆನ್ನಲಾಗದು ಎಂದು ಕೆಲವರು ಆಕ್ಷೇಪಿಸಬಹುದು. ಒಪ್ಪುತ್ತೇನೆ. ಹಳೆಯ ಅರ್ಥವೊಂದೇ ಸಾಧು ಎಂಬುದು ನನ್ನ ವಾದವಲ್ಲ. ವಿಮರ್ಶೆಯ ಮಾತನ್ನು ಅಳೆಯಬೇಕಾದದ್ದು ಅದು ನಮಗೆ ಏನನ್ನು ಕಾಣಿಸುತ್ತದೆ ಎಂಬುದರಿಂದ. ‘ಅಲೆದಾಟ, ಪೋಕರಿತನ, ಸಡಿಲ ಬಂಧ’ ಎಂಬ ಅರ್ಥದಲ್ಲಿ ಬಳಸಿದರೆ ನೂರಾರು ಕೃತಿಗಳು ಒಂದೇ ಬುಟ್ಟಿಗೆ ಬೀಳುತ್ತವೆ, ಯಾವುದರ ಬಗೆಗೂ ಹೊಸದೇನೂ ತಿಳಿಯುವುದಿಲ್ಲ. ‘ಯಾರು ಹೇಳುತ್ತಿದ್ದಾನೆ, ಯಾರಿಗೆ ಹೇಳುತ್ತಿದ್ದಾನೆ, ಯಾವ ಹಸಿವಿನಿಂದ ಹೇಳುತ್ತಿದ್ದಾನೆ’ ಎಂದು ಕೇಳಿದರೆ ಕೃತಿ ಬಾಯಿಬಿಡುತ್ತದೆ. ಪೀಕರೊ ಸಮಾಜದ ಒಳಗೂ ಪೂರ್ತಿ ಸೇರದ, ಹೊರಗೂ ಪೂರ್ತಿ ನಿಲ್ಲದ ಮನುಷ್ಯ ಎಂದು ವಿಮರ್ಶಕ ಕ್ಲಾಡಿಯೊ ಗಿಯೆನ್ ಗುರುತಿಸಿದ್ದೂ ಈ ದಾರಿಯಲ್ಲಿಯೇ.

ಈ ಪ್ರಶ್ನೆಗಳನ್ನು ನಮಗೆ ಹತ್ತಿರದ ಒಂದು ಕೃತಿಗೆ ಹಾಕಿ ನೋಡಬಹುದು. ಮಂಗಳೂರಿನಲ್ಲಿ ಬೆಳೆದ ಅರವಿಂದ ಅಡಿಗರ ‘ದಿ ವೈಟ್ ಟೈಗರ್’ ೨೦೦೮ರಲ್ಲಿ ಬೂಕರ್ ಪ್ರಶಸ್ತಿ ಪಡೆಯಿತು. ಅದೂ ಪತ್ರರೂಪದ ಕಾದಂಬರಿ. ಬರೆಯುವವನು ಬಲರಾಮ ಹಲವಾಯಿ. ಬರೆಯುವ ಸ್ಥಳ ಬೆಂಗಳೂರು. ಬರೆಯುವುದು ಚೀನದ ಆಗಿನ ಪ್ರಧಾನಿ ವೆನ್ ಜಿಯಾಬಾವೊ ಅವರಿಗೆ. ರಿಕ್ಷಾ ಎಳೆಯುವವನ ಮಗ. ಚಿಕ್ಕಂದಿನಲ್ಲಿ ಚಹದಂಗಡಿಯಲ್ಲಿ ಇದ್ದಿಲು ಒಡೆದು ಮೇಜು ಒರೆಸಿದವನು. ದಿಲ್ಲಿಯಲ್ಲಿ ಯಜಮಾನನ ಕಾರು ನಡೆಸುತ್ತ, ಕೊನೆಗೆ ಅವನನ್ನು ಕೊಂದು ಹಣದೊಂದಿಗೆ ಬೆಂಗಳೂರಿಗೆ ಬಂದು ಟ್ಯಾಕ್ಸಿ ಉದ್ಯಮಿಯಾಗುತ್ತಾನೆ. ಹಳೆಯ ಮೂರು ಲಕ್ಷಣಗಳಿಂದ ಅಳೆದರೆ ಇದರಲ್ಲಿ ಅಲೆದಾಟ ಹೆಚ್ಚಿಲ್ಲ, ಬಂಧವೂ ಅಷ್ಟು ಸಡಿಲವಲ್ಲ. ಆದರೆ ಚಹದಂಗಡಿಯ ಆ ಹುಡುಗ ‘ಅಡುಗೆಮನೆಯ ಪೀಕರೊ’ ಅಲ್ಲದೆ ಮತ್ತೇನು? ಲಾಸರೊ ಕೊಲೆಗಾರನಲ್ಲ, ಅವನನ್ನು ಕೇಳಿದ್ದಕ್ಕೆ ಬರೆದ, ಇವನು ಯಾರೂ ಕೇಳದೆ ಬರೆಯುತ್ತಾನೆ. ಈ ಅಂತರಗಳು ಸಣ್ಣವಲ್ಲ. ಆದರೂ ಕೆಳಗಿನಿಂದ ಮೇಲೆ ಬಂದವನು ದೊಡ್ಡವನೊಬ್ಬನಿಗೆ ತನ್ನ ಲೆಕ್ಕ ಒಪ್ಪಿಸುವ ಆ ಧ್ವನಿ, ವಿನಯದೊಳಗೆ ಅಡಗಿದ ಆ ಮೊನೆ, ನಾನೂರೈವತ್ತು ವರ್ಷ ದಾಟಿ ಬಂದಿದೆ.

ಕನ್ನಡದಲ್ಲಿ ‘ಪಿಕಾರೆಸ್ಕ್’ಗೆ ಏನೆನ್ನಬೇಕು? ‘ಪೋಕರಿ ಕಥನ’ ಎಂದರೆ ಹಳೆಯ ತಪ್ಪೇ ಕನ್ನಡದಲ್ಲಿ ನಿಲ್ಲುತ್ತದೆ. ಹೊಸ ಪದ ಟಂಕಿಸುವ ಧೈರ್ಯ ನನಗಿಲ್ಲ. ಆದರೆ ನಮ್ಮ ಭಾಷೆಯ ಒಂದು ಧಾತು ಈ ವಿಷಯದಲ್ಲಿ ಇಂಗ್ಲಿಷಿಗಿಂತ ಹೆಚ್ಚು ತಿಳಿವಳಿಕೆಯದೆಂದು ತೋರುತ್ತದೆ. ‘ತಿರಿ’ ಎಂದರೆ ಸುತ್ತು, ಅಲೆ. ‘ತಿರಿ’ ಎಂದರೆ ಬೇಡು. ತಿರುಗುವುದೂ ತಿರುಪೆಯೂ ತಿರುಕನೂ ಒಂದೇ ಬಳ್ಳಿಯ ಕಾಯಿಗಳು. ಅಲೆಯುವುದಕ್ಕೂ ಹಸಿವಿಗೂ ಇರುವ ನಂಟನ್ನು ಕನ್ನಡ ಒಂದೇ ಮಾತಿನಲ್ಲಿ ಕಟ್ಟಿಟ್ಟಿದೆ. ಇಂಗ್ಲಿಷ್ ‘ಪಿಕಾರೆಸ್ಕ್’ ಅಲೆದಾಟವನ್ನು ಉಳಿಸಿಕೊಂಡು ಹಸಿವನ್ನು ಬಿಟ್ಟಿತು. ಆ ಪದವನ್ನೇ ನಾವು ಬಳಸುವುದಾದರೂ, ಬಳಸುವಾಗ ‘ತಿರಿ’ಯ ಎರಡು ಅರ್ಥಗಳೂ ನೆನಪಿನಲ್ಲಿರಬೇಕು.

ಈಗ ಪಾಠ ಹೇಳುವಾಗ ಕರಿಹಲಗೆಯ ಮೇಲೆ ಲಕ್ಷಣಗಳನ್ನು ಬರೆಯುವುದಿಲ್ಲ. ಮೇಲಿನ ಮೂರು ಪ್ರಶ್ನೆಗಳನ್ನು ಬರೆಯುತ್ತೇನೆ. ನನ್ನನ್ನು ಕೇಳಿದ ಆ ಹುಡುಗನಿಗೆ ಪುಸ್ತಕವನ್ನು ಓದಲು ಕೊಟ್ಟಿದ್ದೆ. ಒಂದು ತಿಂಗಳು ಇಟ್ಟುಕೊಂಡು, ನಿಘಂಟು ನೋಡಿ ಓದಿ, ಹಿಂದಕ್ಕೆ ತಂದುಕೊಟ್ಟ. ಹೇಗಿತ್ತು ಎಂದೆ. “ಕೊನೆಗೆ ಅವನೇ ಯಜಮಾನನಿಗೆ ಊಟ ಹಾಕಿದನಲ್ಲ ಸಾರ್, ಅದನ್ನ ನೀವು ಕ್ಲಾಸಿನಲ್ಲಿ ಹೇಳಲೇ ಇಲ್ಲ” ಎಂದ.